ಊದುಬತ್ತಿ ಹಚ್ಚದ ಗಣಪತಿ ಹಬ್ಬ

2020ರ ಆಗಸ್ಟ್ 22, ಶನಿವಾರ, ಗಣಪತಿ ಹಬ್ಬ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ನಮ್ಮ ಮನೆಯೊಳಗೆ ಬೆಳಗ್ಗೆಯೇ ಕರಿಗಡುಬಿನ ಜಗಳ. ಎಣ್ಣೆ ಬಾಣಲೆ ಇಡೋದು ಬೇಡ ಅಂತ ನಾನು. ಬಾಣಲೆ ಇಡದೆ ಅದೆಂಥ ಹಬ್ಬ ಅಂತ ನಮ್ಮತ್ತೆ.

ಅದರ ಹಿಂದಿನ ವಾರ ಮಳೆಯಿಲ್ಲದೆ ಬರೀ ಸಿಡಿಲು ಬಡಿದಿತ್ತು. ಒಣಗಿ ನಿಂತಿದ್ದ ಗುಡ್ಡಗಳಲ್ಲಿ ನೂರಾರು ಕಡೆ ಬೆಂಕಿ. ನಮ್ಮ ಪೂರ್ವಕ್ಕಿರುವ ಡಯಾಬ್ಲೊ ಬೆಟ್ಟಸಾಲಿನಲ್ಲಿ ಹೊತ್ತಿದ್ದು ಆರುವಷ್ಟರಲ್ಲಿ ಸುಮಾರು 4 ಲಕ್ಷ ಎಕರೆ ಸುಟ್ಟಿತ್ತು. ಕಾರಿನ ಮೇಲೆ ಬೂದಿ, ಗಂಟಲಲ್ಲಿ ಕೆರೆತ. ಗಾಳಿಯ ಗುಣಮಟ್ಟದ ಸೂಚ್ಯಂಕ 150 ದಾಟಿತ್ತು, ಅಂದರೆ ನಕ್ಷೆಯಲ್ಲಿ ಕೆಂಪು ಬಣ್ಣ.

ಅತ್ತೆಗೆ ಉಬ್ಬಸ. ಚಳಿಗಾಲದಲ್ಲಿ ಬಂದವರು ಕೊರೊನಾದಿಂದ ವಿಮಾನ ನಿಂತು ಇಲ್ಲೇ ಉಳಿದಿದ್ದರು. ಕಿಟಕಿ ತೆಗೀಬೇಡಿ ಅಂದರೆ, "ಸೌದೆ ಒಲೆ ಊದಿಕೊಂಡೇ ಸಂಸಾರ ಮಾಡಿದವಳು ನಾನು. ಎಲ್ಲಿಯದೋ ಗುಡ್ಡದ ಹೊಗೆಗೆ ಹೆದರ್ತೀನಾ?" ಅನ್ನುತ್ತಿದ್ದರು. ಸೌದೆ ಒಲೆಯಲ್ಲಾಗಲಿ ಕಾಡಲ್ಲಾಗಲಿ, ಉರಿಯೋದು ಕಟ್ಟಿಗೆಯೇ ಅಲ್ವಾ? ಎರಡರ ಹೊಗೆಯಲ್ಲೂ ಪಿಎಂ 2.5 ಅನ್ನುವ ಅದೇ ಸೂಕ್ಷ್ಮ ಕಣಗಳು. ಕೂದಲಿನ ದಪ್ಪದ ಮೂವತ್ತನೇ ಒಂದು ಪಾಲಿಗಿಂತಲೂ ಸಣ್ಣವು, ನೇರ ಶ್ವಾಸಕೋಶದ ಆಳಕ್ಕೇ ಇಳಿಯುತ್ತವೆ. ಅವರ ಉಬ್ಬಸಕ್ಕೆ ಆ ಒಲೆಯದೂ ಪಾಲಿದೆ ಅಂತ ನನ್ನ ಗುಮಾನಿ. ಅವರೆದುರು ಹೇಳಲಿಲ್ಲ.

ಕಿಟಕಿ ಮುಚ್ಚಿ, ಒಳಗೇ ಇರಿ ಅನ್ನುವ ಸಲಹೆ ಸರಿಯೇ. ಆದರೆ ಆ ವಾರ ವಿಪರೀತ ಸೆಕೆ. ಸಮುದ್ರದ ತಂಪು ಗಾಳಿ ನೆಚ್ಚಿಕೊಂಡ ಊರಿದು, ನಮ್ಮಂಥ ಹಳೇ ಬಾಡಿಗೆ ಮನೆಗಳಿಗೆ ಏಸಿ ಇಲ್ಲ. ಬೇರೆ ವರ್ಷವಾಗಿದ್ದರೆ ಲೈಬ್ರರಿಯಲ್ಲೋ ಮಾಲ್‌ನಲ್ಲೋ ಹೋಗಿ ಕೂರಬಹುದಿತ್ತು. ಕೊರೊನಾ ಅದನ್ನೂ ಮುಚ್ಚಿಸಿತ್ತು. ಹೊಗೆ ಬೇಡ ಅಂದರೆ ಸೆಕೆ, ಸೆಕೆ ಬೇಡ ಅಂದರೆ ಹೊಗೆ. ಏಸಿ ಇದ್ದವರಿಗೆ ಮಾತ್ರ ಹೊಂದುವ ಸಲಹೆಯನ್ನು ಎಲ್ಲರಿಗೂ ಒಂದೇ ದನಿಯಲ್ಲಿ ಹೇಳುತ್ತಾರಲ್ಲ, ನನಗೆ ಸಿಟ್ಟು ಬಂದಿದ್ದು ಅದಕ್ಕೆ.

ಕೊನೆಗೆ ಮಲಗುವ ಕೋಣೆಯೊಂದನ್ನೇ ಭದ್ರ ಮಾಡಿಕೊಂಡೆವು. ಬಾಗಿಲ ಸಂದಿಗೆ ಒದ್ದೆ ಟವೆಲ್. ಚೌಕದ ಬಾಕ್ಸ್ ಫ್ಯಾನಿನ ಹಿಂಬದಿಗೆ ಇಂಥ ಸಣ್ಣ ಕಣಗಳನ್ನು ಹಿಡಿಯುವ ಮರ್ವ್ 13 ದರ್ಜೆಯ ಫಿಲ್ಟರ್ ಇಟ್ಟು ಸುತ್ತ ಟೇಪ್ ಹಚ್ಚಿದರು ನಮ್ಮ ಯಜಮಾನರು. ಫಿಲ್ಟರಿನ ಬಾಣದ ಗುರುತು ಗಾಳಿ ಹೋಗುವ ದಿಕ್ಕಿಗೇ ಇರಬೇಕು. ಇಷ್ಟೇ ಯಂತ್ರ, ಆದರೆ ಕೋಣೆಯೊಳಗಿನ ವಾಸನೆ ನಿಜವಾಗಿಯೂ ತಗ್ಗಿತು. ಅತ್ತೆ ರಾತ್ರಿ ಎದ್ದು ಕೂರುವುದು ಕಡಿಮೆಯಾಯಿತು. ಹೊರಗೆ ಹೋಗಲೇಬೇಕಾದಾಗ 2018ರಲ್ಲಿ ಕ್ಯಾಂಪ್ ಫೈರ್ ಅನ್ನುವ ದೊಡ್ಡ ಕಾಳ್ಗಿಚ್ಚಿನ ಕಾಲದಲ್ಲಿ ತಂದು ಉಳಿದಿದ್ದ ಎನ್95 ಮಾಸ್ಕ್. ಕೊರೊನಾದ ಆ ವರ್ಷ ಅವು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಕೊರೊನಾಕ್ಕೆಂದು ಹೊಲಿದಿಟ್ಟ ಬಟ್ಟೆ ಮಾಸ್ಕು ಈ ಹೊಗೆಗೆ ಸಾಕಾಗುವುದಿಲ್ಲ.

ಕಿಟಕಿ ಮುಚ್ಚಿದ ಮನೆಯಲ್ಲಿ ನಾವು ಎಬ್ಬಿಸುವ ಹೊಗೆಗೂ ಹೋಗಲು ದಾರಿ ಇಲ್ಲ. ನನ್ನ ಮಾತಿಗೆ ಅತ್ತೆ ಬಗ್ಗಲಿಲ್ಲ. ಯಜಮಾನರು ಗಾಳಿಯಲ್ಲಿನ ಕಣ ಅಳೆಯುವ ಒಂದು ಸಣ್ಣ ಸೆನ್ಸರ್ ತಂದು ಅಡುಗೆಮನೆಯಲ್ಲಿಟ್ಟರು. ಸಾಸಿವೆ, ಒಣಮೆಣಸಿನಕಾಯಿ ಒಗ್ಗರಣೆ ಚಟಪಟ ಅಂದದ್ದೇ ತಡ, ಅಂಕಿ ಸರಸರ ಏರಿತು. ಅತ್ತೆ ಅದನ್ನೇ ದಿಟ್ಟಿಸಿದರು. "ಇದು ನನ್ನ ಒಗ್ಗರಣೇದಾ?" ಅಂದರು. ಆಮೇಲೆ ಕರಿಗಡುಬಿನ ಮಾತೆತ್ತಲಿಲ್ಲ. ಹಬೆಯಲ್ಲಿ ಬೇಯಿಸಿದ ಕಡುಬಾಯಿತು. ಊದುಬತ್ತಿ, ಕರ್ಪೂರ ಎರಡೂ ಡಬ್ಬಿಯಲ್ಲೇ. ತುಪ್ಪದ ದೀಪ ಒಂದು ಬೇಕೇ ಬೇಕು ಅಂದರು, ಅದಕ್ಕೆ ನಾನೂ ಸುಮ್ನಾದೆ. ಸಂಜೆ ಊರಿಗೆ ಫೋನ್ ಮಾಡಿ ತಂಗಿಗೆ ದೂರಿದ್ದು ಬೇರೆ: "ಈ ಸೊಸೆ ಗಣಪತಿಗೂ ಪಥ್ಯ ಮಾಡಿಸಿದಳು ಕಣೇ."

ಸೆಪ್ಟೆಂಬರ್ 9ರಂದು ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿತು. ಹಗಲಲ್ಲೇ ಲೈಟ್ ಹಾಕಿಕೊಂಡು ಕೂತೆವು, ಊರಿಗೆ ಊರೇ ಫೋಟೊ ತೆಗೆಯಿತು. ಅತ್ತೆ ಮಾತ್ರ, "ನಂಬರ್ ಎಷ್ಟಿದೆ ನೋಡು" ಅಂದರು. ಹೆದರಿದಷ್ಟು ಇರಲಿಲ್ಲ. ಹೊಗೆ ಮೇಲೆಯೇ ತೇಲುತ್ತಿತ್ತು, ಕೆಳಗೆ ಸಮುದ್ರದ ತಂಪು ಗಾಳಿಯ ಪದರ ಅದನ್ನು ತಡೆದಿತ್ತು. ಮುಂದಿನ ದಿನಗಳಲ್ಲಿ ಅದು ನೆಲಕ್ಕಿಳಿಯಿತು. ಆಗ ಆಕಾಶ ಬರೀ ಬೂದು ಬಣ್ಣ, ಫೋಟೊ ತೆಗೆಯುವವರಿಲ್ಲ. ಗಾಳಿ ನಿಜವಾಗಿ ಕೆಟ್ಟಿದ್ದು ಆವಾಗಲೇ. ನಾನು ಹೇಳುವ ಮುಂಚೆ ಅತ್ತೆಯೇ ಟವೆಲ್ ಒದ್ದೆ ಮಾಡಿ ಬಾಗಿಲ ಸಂದಿಗೆ ಒತ್ತಿದ್ದರು.