ಮರದ ಮೇಲೆ ಕೂಗಿದ ಕುಕ್ಕರ್

ಗೆಳತಿಯ ಮನೆಯ ಗಿಳಿ ಹಾರಿಹೋಯಿತು ಅಂತ ಊರಿಗೆ ಫೋನ್ ಮಾಡಿ ಹೇಳಿದರೆ ಎಲ್ಲರದ್ದೂ ಒಂದೇ ಮಾತು. "ಹೋಗ್ಲಿ ಬಿಡು, ಪಾಪ, ಇನ್ನಾದರೂ ಹಾಯಾಗಿರಲಿ." ಅಮ್ಮನಿಗಂತೂ ಖುಷಿಯೇ ಆಯಿತು. ಅವರ ಕಡೆಯಿಂದ ನೋಡಿದರೆ ಅದೂ ಸರಿಯೇ. ನಮ್ಮಲ್ಲಿ ಗಿಳಿ ಅಂದರೆ ತೋಟದ ಹಸಿರು ಗಿಳಿ. ಅದನ್ನು ಹಿಡಿದು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅಪರಾಧ. ಅಂಥದ್ದು ತಪ್ಪಿಸಿಕೊಂಡರೆ ತನ್ನ ಮನೆಗೇ ಹೋಯಿತು ಅಂದುಕೊಳ್ಳಬಹುದು.

ಆದರೆ ಲಂಡನ್ನಿನಲ್ಲಿ ನಾವು ಕಳಕೊಂಡದ್ದು ಆಫ್ರಿಕನ್ ಗ್ರೇ. ಬೂದು ಮೈ, ಕಡುಗೆಂಪು ಬಾಲ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಮಳೆಕಾಡಿನ ಜಾತಿ ಅದು. ಈ ಹಕ್ಕಿ ಮಾತ್ರ ಹುಟ್ಟಿದ್ದೇ ಇಂಗ್ಲೆಂಡಿನ ಒಂದು ಮನೆಯಲ್ಲಿ, ಬೆಳೆದದ್ದೂ ಮನೆಯೊಳಗೆ. ಕಾಯಿ ಹುಡುಕಿ ತಿನ್ನೋದು ಗೊತ್ತಿಲ್ಲ, ಗಿಡುಗ ಅಂದರೆ ಏನು ಅಂತ ಗೊತ್ತಿಲ್ಲ. ಇಲ್ಲಿನ ಮರದ ತುದಿಯಲ್ಲಿ ಅದಕ್ಕೆ ಸಿಗುವ ಸ್ವಾತಂತ್ರ್ಯ ನಾಲ್ಕಾರು ದಿನದ್ದು, ಅಷ್ಟೇ. ಅದೂ ಅಲ್ಲದೆ ಈ ದೇಶದ್ದಲ್ಲದ ಹಕ್ಕಿಯನ್ನು ಬೇಕಂತಲೇ ಹೊರಗೆ ಬಿಡುವುದು 1981ರ ಇಲ್ಲಿನ ವನ್ಯಜೀವಿ ಕಾಯ್ದೆಯ ಪ್ರಕಾರ ತಪ್ಪು. ಅಲ್ಲಿ ಹಿಡಿದಿಟ್ಟರೆ ಕೇಸು, ಇಲ್ಲಿ ಬಿಟ್ಟರೆ ಕೇಸು.

ಹಕ್ಕಿಯ ಹೆಸರು ಜಾರ್ಜ್. ಗೆಳತಿ ಅದನ್ನು ದುಡ್ಡು ಕೊಟ್ಟು ತಂದವಳಲ್ಲ. ಅವರ ಬೀದಿಯಲ್ಲಿದ್ದ ಇಂಗ್ಲಿಷ್ ತಾತ ಒಬ್ಬರು ವೃದ್ಧಾಶ್ರಮಕ್ಕೆ ಹೊರಟಾಗ ಪಂಜರದ ಸಮೇತ ಇವರ ಕೈಗೆ ಒಪ್ಪಿಸಿ ಹೋಗಿದ್ದರು. ಚೆನ್ನಾಗಿ ಸಾಕಿದರೆ ಈ ಜಾತಿ 40ರಿಂದ 60 ವರ್ಷ ಬದುಕುತ್ತದೆ. ಸಾಕಿದವರು ಹೋದಮೇಲೂ ಗಿಳಿ ಉಳಿಯೋದು ಇಲ್ಲಿ ಅಪರೂಪವೇನಲ್ಲ. ಹಾಗಾಗಿ ಜಾರ್ಜ್ ಬಾಯಲ್ಲಿ ಎರಡು ಮನೆಗಳಿವೆ. ತಾತನ ಕೆಮ್ಮು, ಆ ಗಂಟಲು ಸರಿಮಾಡಿಕೊಳ್ಳುವ ಸದ್ದಿನ ಸಮೇತ, ಹಾಗೇ ಇದೆ. ಅದರ ಬೆನ್ನಿಗೇ ಗೆಳತಿಯ ದನಿಯಲ್ಲಿ "ಯಾರದು? ಬಂದೆ, ಬಂದೆ." ಎಲ್ಲಕ್ಕಿಂತ ಜೋರು ಕುಕ್ಕರ್ ವಿಷಲ್. ಮೊದಲು ಸಣ್ಣಗೆ ಬುಸ್ ಅಂತ ಹಬೆ, ಸ್ವಲ್ಪ ತಡೆದು ಪೂರ್ತಿ ಕೂಗು. ಅವಳ ಗಂಡ ಎಷ್ಟೋ ಸಲ ಒಲೆ ಆರಿಸಲು ಓಡಿಹೋಗಿ, ಒಲೆ ಮೇಲೆ ಏನೂ ಇಲ್ಲದ್ದು ನೋಡಿ ಬೈದುಕೊಂಡು ವಾಪಸ್ ಬಂದಿದ್ದಾರೆ.

ತಪ್ಪಿಸಿಕೊಂಡ ಕತೆ ದೊಡ್ಡದೇನಿಲ್ಲ. ಜೂನ್ ತಿಂಗಳು, ಬಾಗಿಲು ತೆರೆದಿತ್ತು, ಗಾಳಿಗೆ ಧಡಾರ್ ಅಂತ ಬಡಿಯಿತು, ಬೆಚ್ಚಿದ ಹಕ್ಕಿ ಹೊರಗೆ ಹಾರಿತು. ತಾತನ ಕಾಲದಲ್ಲಿ ಅದರ ರೆಕ್ಕೆಯ ಗರಿ ಕತ್ತರಿಸುತ್ತಿದ್ದರಂತೆ. ಗರಿ ಕತ್ತರಿಸಿದ ಹಕ್ಕಿ ಹಾರಲ್ಲ ಅನ್ನೋ ನಂಬಿಕೆ ಇಲ್ಲಿ ತುಂಬಾ ಜನಕ್ಕಿದೆ. ಹಳೇ ಗರಿ ಉದುರಿ ಹೊಸದು ಬಂದರೆ ಹಾರುತ್ತದೆ. ಕತ್ತರಿಸಿದ್ದರೂ ಒಳ್ಳೇ ಗಾಳಿ ಸಿಕ್ಕರೆ ಮನೆ ದಾಟುತ್ತದೆ.

ಹುಡುಕಾಟ ಶುರುವಾದ ಮೇಲೆ ನನಗೆ ಗೊತ್ತಾದ ಮುಖ್ಯ ವಿಷಯ ಇದು: ಮನೆಯಲ್ಲಿ ಬೆಳೆದ ಗಿಳಿಗೆ ಮೇಲಕ್ಕೆ ಹಾರೋದು ಬರುತ್ತದೆ, ಕೆಳಗಿಳಿಯೋದು ಬರುವುದಿಲ್ಲ. ಗಾಬರಿಯಾದಾಗ ಎತ್ತರಕ್ಕೆ ಹೋಗೋದು ಹುಟ್ಟುಗುಣ. ಎತ್ತರದಿಂದ ನೇರ ಕೆಳಕ್ಕೆ, ವೇಗ ಹಿಡಿತದಲ್ಲಿಟ್ಟುಕೊಂಡು, ಕೊಂಬೆ ತಪ್ಪಿಸಿಕೊಂಡು ಇಳಿಯೋದು ಮಾತ್ರ ಅಭ್ಯಾಸದಿಂದ ಬರಬೇಕಾದ ವಿದ್ಯೆ. ಸೋಫಾದಿಂದ ಪಂಜರಕ್ಕೆ, ಪಂಜರದಿಂದ ಕಿಟಕಿಗೆ ಹಾರಿದ ಹಕ್ಕಿ ಅದನ್ನು ಎಲ್ಲಿ ಕಲಿಯುತ್ತೆ? ಸಾಕಿದವರು ಕೆಳಗೆ ನಿಂತು ಕರೆಯುತ್ತಲೇ ಇರುತ್ತಾರೆ. ಹಕ್ಕಿ ಕತ್ತು ಓರೆ ಮಾಡಿ ನೋಡುತ್ತೆ, ಕೂಗಿಗೆ ಉತ್ತರವನ್ನೂ ಕೊಡುತ್ತೆ. ಬರೋದಿಲ್ಲ. "ನನ್ನ ಮರೆತುಬಿಡ್ತಾ?" ಅಂತ ಗೆಳತಿ ಅತ್ತದ್ದು ಇದಕ್ಕೇ. ಮರೆತಿರಲಿಲ್ಲ. ಕಾಲು ಒಂದೊಂದಾಗಿ ಎತ್ತಿ ಇಡುತ್ತಾ, ರೆಕ್ಕೆ ಅರ್ಧ ಬಿಚ್ಚಿ, ಮುಂದಕ್ಕೆ ಬಾಗಿ, ಮತ್ತೆ ಮಡಚಿಕೊಂಡು ಕೂರುತ್ತಿತ್ತು. ಬರಬೇಕು ಅಂತ ಆಸೆ, ಹೇಗೆ ಅಂತ ತಿಳಿಯದು.

ಅದಕ್ಕೇ ಹತ್ತಿ ಹಿಡಿಯೋಕೆ ಹೋಗಬಾರದು. ನೀರು ಹೊಡೆಯಬಾರದು, ಕೊಂಬೆ ಅಲ್ಲಾಡಿಸಬಾರದು. ಏಣಿ ಹಾಕಿದ ತಕ್ಷಣ ಹಕ್ಕಿ ಇನ್ನೂ ಮೇಲಕ್ಕೋ, ಇನ್ನೊಂದು ಬೀದಿಗೋ ಹೋಗುತ್ತದೆ. ಮರದ ಬುಡದಲ್ಲಿ ನಿಂತು ಕರೆಯೋದೂ ದಂಡ. ಸ್ವಲ್ಪ ದೂರ ಸರಿದು ಬಯಲಲ್ಲಿ ನಿಂತರೆ ಹಕ್ಕಿಗೆ ಓರೆಯಾಗಿ ಇಳಿಯುವ ದಾರಿ ಕಾಣುತ್ತದೆ. ಇದನ್ನು ನಮಗೆ ಹೇಳಿಕೊಟ್ಟದ್ದು ಅದೇ ಬಡಾವಣೆಯ ಒಬ್ಬ ನಿವೃತ್ತ ಮೇಷ್ಟ್ರು, ಹಿಂದೆ ಗಿಳಿ ಸಾಕಿದ್ದವರು. ಉಳಿದವರೆಲ್ಲ ಏಣಿ, ಬಲೆ, ಹಗ್ಗ ಅಂತಲೇ ಬಂದರು. ಉತ್ಸಾಹ ಜಾಸ್ತಿ ಇರುವವರನ್ನು ದೂರ ಇಡೋದೇ ಒಂದು ದೊಡ್ಡ ಕೆಲಸವಾಯಿತು.

ಇನ್ನು ಹೊತ್ತು. ನಡು ಹಗಲಲ್ಲಿ ಗಿಳಿ ಹುಡುಕಿ ಬೀದಿ ಅಲೆದರೆ ಕಾಲು ನೋವು ಮಾತ್ರ ಸಿಗುತ್ತದೆ. ಹೆದರಿದ ಹಕ್ಕಿ ಎಲೆಗಳ ನಡುವೆ ಸದ್ದಿಲ್ಲದೆ ಕೂತಿರುತ್ತದೆ. ಬೂದು ಬಣ್ಣ ಬೇರೆ, ಕೊಂಬೆಯ ಪಕ್ಕದಲ್ಲಿ ಕೊಂಬೆಯೇ ಆಗಿಬಿಡುತ್ತದೆ. ಗಿಳಿಗಳು ಕೂಗೋದು ಬೆಳಗಿನ ಮೊದಲ ಬೆಳಕಿಗೆ ಮತ್ತು ಸಂಜೆ ಮುಳುಗುವ ಮುಂಚೆ. ತನ್ನವರು ಎಲ್ಲಿದ್ದಾರೆ ಅಂತ ಕೂಗಿ ಕೇಳೋ ಹೊತ್ತು ಅದು. ಕತ್ತಲಾದ ಮೇಲೆ ಕೂತಲ್ಲೇ ಕೂರುತ್ತದೆ. ಹಾಗಾಗಿ ರಾತ್ರಿ ಯಾವ ಮರದಲ್ಲಿದೆ ಅಂತ ಗೊತ್ತಾದರೆ, ಬೆಳಕು ಹರಿಯುವ ಮುಂಚೆ ಅದೇ ಮರದ ಕೆಳಗೆ ಇರಬೇಕು. ಕೇಳೋಕೆ ಸುಲಭ ಅಲ್ವಾ? ಲಂಡನ್ನಿನ ಜೂನ್‌ನಲ್ಲಿ ಸೂರ್ಯ ಮುಳುಗೋದು ರಾತ್ರಿ 9.20ರ ಹೊತ್ತಿಗೆ, ಹುಟ್ಟೋದು ಬೆಳಗ್ಗೆ ಐದಕ್ಕೂ ಮುಂಚೆ. ನಡುವೆ ನಿದ್ದೆ ಅಂತ ಉಳಿಯೋದು ಎಷ್ಟು, ನೀವೇ ಲೆಕ್ಕ ಹಾಕಿ.

ಇನ್ನೊಂದು ಪೇಚು ನೋಡಿ. ಲಂಡನ್ನಿನ ನೈಋತ್ಯ ಭಾಗದಲ್ಲಿ ನಮ್ಮ ಹಸಿರು ಗಿಳಿಗಳೇ ಹಿಂಡು ಹಿಂಡಾಗಿವೆ! ರಿಚ್ಮಂಡ್ ಪಾರ್ಕಿನಲ್ಲಿ ನಿಂತರೆ ಕಣ್ಣುಮುಚ್ಚಿ ಊರಲ್ಲಿದ್ದೇನೆ ಅಂದುಕೊಳ್ಳಬಹುದು, ಅಷ್ಟು ಗದ್ದಲ. ಯಾವ ಕಾಲದಲ್ಲೋ ಪಂಜರದಿಂದ ತಪ್ಪಿಸಿಕೊಂಡವು ಮರಿ ಮಾಡಿ ಬೆಳೆದ ಸಂತತಿ. ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಒಂದು ಜೋಡಿ ಬಿಟ್ಟಿದ್ದರಿಂದ ಇಷ್ಟೆಲ್ಲ ಆಯಿತು ಅಂತ ಇಲ್ಲಿ ಹೇಳುತ್ತಾರೆ. 2019ರಲ್ಲಿ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದವರು ನಕ್ಷೆ ಹಾಕಿ ನೋಡಿ, ಆ ಕತೆಗೆ ಆಧಾರವಿಲ್ಲ ಅಂದರು. ಕತೆ ಚೆನ್ನಾಗಿರೋದರಿಂದ ಜನ ಬಿಟ್ಟಿಲ್ಲ. ನಮಗೆ ತೊಂದರೆ ಏನಾಯಿತು ಅಂದರೆ, "ಗಿಳಿ ಕಂಡರೆ ಫೋನ್ ಮಾಡಿ" ಅಂತ ಚೀಟಿ ಅಂಟಿಸಿದ ದಿನವೇ ಫೋನಿನ ಮೇಲೆ ಫೋನ್. ಎಲ್ಲವೂ ಹಸಿರು ಗಿಳಿ. ಆಮೇಲೆ ಚೀಟಿ ಬದಲಿಸಿ, "ಬೂದು, ಕೆಂಪು ಬಾಲ, ಪಾರಿವಾಳದಷ್ಟು ದೊಡ್ಡದು, ಮುದುಕರ ಹಾಗೆ ಕೆಮ್ಮುತ್ತದೆ, ಕುಕ್ಕರಿನ ಹಾಗೆ ಕೂಗುತ್ತದೆ" ಅಂತ ಬರೆದೆವು. ಎರಡನೆಯ ಚೀಟಿಯನ್ನು ಜನ ನಿಂತು ಓದಿದರು, ಫೋಟೋ ತೆಗೆದುಕೊಂಡು ಹೋದರು.

ಚೀಟಿಯಲ್ಲಿ ಎರಡು ವಿಷಯ ಬೇಕಂತಲೇ ಬರೆದಿರಲಿಲ್ಲ. ಕಾಲಿನ ಉಂಗುರದ ನಂಬರು ಮತ್ತು ಕನ್ನಡ ಮಾತು. ಕಳೆದುಹೋದ ಪ್ರಾಣಿಯ ಚೀಟಿ ಕಂಡರೆ ಫೋನ್ ಮಾಡಿ ದುಡ್ಡು ಕೇಳೋರು ಇಲ್ಲೂ ಇದ್ದಾರೆ. ಒಬ್ಬ ಮಾಡಿದ. ಹಕ್ಕಿ ನನ್ನ ಹತ್ತಿರ ಇದೆ, ಮೊದಲು ದುಡ್ಡು ಕಳಿಸಿ, ಆಮೇಲೆ ವಿಳಾಸ ಅಂದ. ಗೆಳತಿ ತಣ್ಣಗೆ, "ಬಾಗಿಲು ಬಡಿದರೆ ಏನು ಹೇಳುತ್ತೆ?" ಅಂತ ಕೇಳಿದಳು. ಅವನು "ಹಲೋ" ಅನ್ನುತ್ತೆ ಅಂದ. ಇವಳು ಫೋನ್ ಇಟ್ಟಳು.

ನಿಜವಾದ ಕರೆ ಬಂದದ್ದು ಮೂರು ಬೀದಿ ಆಚೆಯಿಂದ. ಹೆಂಗಸೊಬ್ಬರು, "ನಮ್ಮ ಹಿತ್ತಲ ಮರದಲ್ಲಿ ಯಾರೋ ಮುದುಕರು ಕೆಮ್ಮುತ್ತಿದ್ದಾರೆ" ಅಂದರು. ಇಲ್ಲಿ ಸಾಲುಮನೆಗಳ ಹಿತ್ತಲು ಬೀದಿಗೆ ಕಾಣೋದೇ ಇಲ್ಲ. ಒಂದಕ್ಕೊಂದು ಬೆನ್ನು ತಾಗಿಸಿಕೊಂಡು ಒಳಗೆ ಅಡಗಿರುತ್ತವೆ. ಮರ ಒಬ್ಬರದು, ಕೊಂಬೆ ಚಾಚಿದ್ದು ಇನ್ನೊಬ್ಬರ ಕಡೆಗೆ, ಚೆನ್ನಾಗಿ ಕಾಣೋದು ಮೂರನೆಯವರ ಮಾಳಿಗೆಯಿಂದ. ಎಲ್ಲರ ಬಾಗಿಲನ್ನೂ ತಟ್ಟಬೇಕು, ಅದೂ ರಾತ್ರಿ ಒಂಬತ್ತಕ್ಕೆ. ವರ್ಷಗಟ್ಟಲೆ ಬರೀ ಹವಾಮಾನದ ಬಗ್ಗೆ ಮಾತಾಡಿದ್ದ ಜನ ಪೈಜಾಮದಲ್ಲೇ ಬಂದು ಹಿತ್ತಲ ಬಾಗಿಲು ತೆಗೆದುಕೊಟ್ಟರು. ಒಬ್ಬರು ಮಾತ್ರ ತೆಗೆಯಲಿಲ್ಲ. ಅವರ ಹಿತ್ತಲೇ ಎಲ್ಲಕ್ಕಿಂತ ಅನುಕೂಲವಾಗಿತ್ತು ಅನ್ನೋದು ಬೇರೆ ಮಾತು.

ಆ ರಾತ್ರಿ ಜಾರ್ಜ್ ಇಳಿಯಲಿಲ್ಲ. ಬೆಳಗ್ಗೆ ನಾಲ್ಕಕ್ಕೆಲ್ಲ ನಾವು ಅಲ್ಲಿದ್ದೆವು. ಮರದ ಪಕ್ಕ ಸಾಮಾನು ಇಡುವ ಮರದ ಶೆಡ್ ಒಂದಿತ್ತು. ಅದರ ಚಾವಣಿಯ ಮೇಲೆ ಮೇಷ್ಟ್ರು ಜಾರ್ಜ್‌ನ ಪಂಜರವನ್ನೇ ಇಡಿಸಿದರು, ಬಾಗಿಲು ತೆರೆದು. ಒಳಗೆ ಅದರ ಬಟ್ಟಲು, ಅದು ಕಚ್ಚಿ ಕಚ್ಚಿ ಹಾಳು ಮಾಡಿದ ಮರದ ಗಾಲಿ. ಬಾಗಿಲಿಗೆ ಮೀನು ಹಿಡಿಯುವ ದಾರ ಕಟ್ಟಿ, ಅದರ ತುದಿ ಗೆಳತಿಯ ಕೈಗೆ ಕೊಟ್ಟರು. "ಹಕ್ಕಿಯನ್ನು ನೋಡಬೇಡಿ. ಕೂತು ಏನಾದರೂ ತಿನ್ನಿ" ಅಂದರು. ಹಿಂಡಿನಲ್ಲಿ ತಿನ್ನುವ ಜಾತಿ ಅದು, ಬೇರೆಯವರು ತಿನ್ನೋದು ಕಂಡರೆ ಹೊಟ್ಟೆ ಕೇಳುತ್ತದಂತೆ. ಗೆಳತಿ ಕೂತು ಆಕ್ರೋಟು ಒಡೆಯತೊಡಗಿದಳು. ಅವಳ ಗಂಡ ಫೋನಿನಲ್ಲಿ ಕುಕ್ಕರ್ ಕೂಗಿಸಿದರು. ಇಂಗ್ಲಿಷ್ ಹಿತ್ತಲು, ನಾಲ್ಕೂವರೆಯ ಬೆಳಕು, ಅದರ ನಡುವೆ ಕುಕ್ಕರ್. ಅಕ್ಕಪಕ್ಕದ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು.

ಮೇಲಿಂದ ಬುಸ್ ಅಂತ ಹಬೆ ಬಂತು. ಆಮೇಲೆ ಕೂಗು.

ಅಷ್ಟಾದರೂ ಇಳಿಯೋದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಎರಡು ಕಾಗೆ ಬಂದು ಕಾಡಿದವು. ಜಾರ್ಜ್ ಹಾರುವ ಬದಲು ನಡೆಯಿತು. ಕೊಕ್ಕಿನಿಂದ ಕೊಂಬೆ ಹಿಡಿದು, ಒಂದು ಕಾಲು ಇಟ್ಟು, ಇನ್ನೊಂದು ಕಾಲು ಎಳೆದುಕೊಂಡು, ಕೊಂಬೆಯಿಂದ ಕೊಂಬೆಗೆ. ಕೊನೆಯ ಕೊಂಬೆಯಿಂದ ಚಾವಣಿಗೆ ಹೆಚ್ಚೆಂದರೆ ಎರಡು ಆಳಿನ ದೂರ. ಅಲ್ಲಿ ನಿಂತು ತಾತನ ಕೆಮ್ಮು ಕೆಮ್ಮಿ, ಕಣ್ಣುಮುಚ್ಚಿ ಬಾವಿಗೆ ಹಾರಿದವರ ಹಾಗೆ ಧೊಪ್ ಅಂತ ಬಿತ್ತು. ಚಾವಣಿ ಮೇಲೆ ಓಲಾಡುತ್ತಾ ನಡೆದು ಸೀದಾ ಬಟ್ಟಲಿಗೆ ಹೋಯಿತು. ಗೆಳತಿ ದಾರ ಎಳೆದಳು, ನಿಧಾನಕ್ಕೆ. ಆ ಹೊತ್ತಲ್ಲಿ ನಿಧಾನಕ್ಕೆ ಎಳೆಯೋಕೆ ಎಷ್ಟು ಗಟ್ಟಿ ಮನಸ್ಸು ಬೇಕು!

ಅವತ್ತೇ ಹಕ್ಕಿ ಡಾಕ್ಟರ್ ಹತ್ತಿರ ಹೋದರು. ತೂಕ ಇಳಿದಿತ್ತು, ಅದು ಬಿಟ್ಟರೆ ಪರವಾಗಿಲ್ಲ. ಎದೆಯ ಸ್ನಾಯುವಿನಲ್ಲಿರುವ ಗುರುತಿನ ಮೈಕ್ರೋಚಿಪ್‌ನ ನಂಬರು ಓದಿ ನೋಡಿದಾಗ ಗೊತ್ತಾಯಿತು, ಆ ನಂಬರಿನ ದಾಖಲೆಯಲ್ಲಿ ಈಗಲೂ ತಾತನ ಹೆಸರು, ತಾತನ ಹಳೇ ಫೋನ್ ನಂಬರು. ಯಾರಾದರೂ ಒಳ್ಳೆಯವರು ಹಕ್ಕಿಯನ್ನು ಹಿಡಿದು ಯಾವುದಾದರೂ ಆಸ್ಪತ್ರೆಗೆ ಕೊಟ್ಟಿದ್ದರೂ, ಅವರು ಮಾಡುವ ಕರೆ ಎಲ್ಲಿಗೂ ತಲುಪುತ್ತಿರಲಿಲ್ಲ. ನಾಯಿಗೆ ಇಲ್ಲಿ 2016ರಿಂದ, ಇಂಗ್ಲೆಂಡಿನಲ್ಲಿ ಬೆಕ್ಕಿಗೆ 2024ರಿಂದ ಚಿಪ್ ಕಡ್ಡಾಯ, ಹೊಸ ವಿಳಾಸ ಕೊಡೋದೂ ಅದರಲ್ಲೇ ಸೇರಿದೆ. ಮನೆಯ ಗಿಳಿಗೆ ಅಂಥ ಕಟ್ಟುಪಾಡಿಲ್ಲ. ಹಾಗಾಗಿ ಕೈ ಬದಲಾದ ಹಕ್ಕಿಗಳ ವಿಳಾಸ ಹಿಂದೆಯೇ ಉಳಿದುಬಿಡುತ್ತದೆ. ನಿಮ್ಮ ಪೈಕಿ ಹೊರದೇಶದಲ್ಲಿ ಯಾರಾದರೂ ಬೇರೆಯವರ ಗಿಳಿಯನ್ನು ಸಾಕೋಕೆ ತಗೊಂಡಿದ್ದರೆ, ಮೊದಲು ಇದನ್ನು ನೋಡೋಕೆ ಹೇಳಿ.

ಈಗ ಅವರ ಮನೆಯಲ್ಲಿ ದಿನಾ ಸಂಜೆ ಪಾಠ ನಡೆಯುತ್ತಿದೆ. ಜಾರ್ಜ್‌ನನ್ನು ಮಹಡಿ ಮೆಟ್ಟಿಲಿನ ತುದಿಯಲ್ಲಿ ಕೂರಿಸಿ ಗೆಳತಿ ಕೆಳಗಿನಿಂದ ಕರೆಯುತ್ತಾಳೆ. ಮೊದಲು ಎರಡು ಮೆಟ್ಟಿಲು, ಆಮೇಲೆ ನಾಲ್ಕು. ಕಳೆದ ವಾರ ಅರ್ಧ ಮಹಡಿಯಿಂದ ಇಳಿದು ಅವಳ ಗಂಡನ ತಲೆಯ ಮೇಲೆ ಕೂತಿತಂತೆ. ಅವರು ಆಗ ಒಲೆ ಆರಿಸೋಕೆ ಓಡುತ್ತಿದ್ದರು.