ಎರಡನೇ ಮಗುವಿಗೆ ಮುಂಚೆ ಈ ಟೆಸ್ಟ್ ಬಗ್ಗೆ ಕೇಳಿ

ಮಗನಿಗೆ ಡ್ರಾವೆ ಸಿಂಡ್ರೋಮ್ (ಹಸುಗೂಸಾಗಿದ್ದಾಗಲೇ ಶುರುವಾಗುವ ತೀವ್ರ ಫಿಟ್ಸ್ ಕಾಯಿಲೆ) ಅಂತ ಗೊತ್ತಾದ ಮೇಲೆ ನಮ್ಮಿಬ್ಬರ ರಕ್ತವನ್ನೂ ಟೆಸ್ಟ್ ಮಾಡಿದರು. ಅವನ ಎಸ್‌ಸಿಎನ್1ಎ ಜೀನ್‌ನಲ್ಲಿರುವ ಬದಲಾವಣೆ ನಮ್ಮಲ್ಲಿ ಸಿಗಲಿಲ್ಲ. "ಅವನಲ್ಲೇ ಹೊಸದಾಗಿ ಆಗಿದೆ, ಇನ್ನೊಂದು ಮಗುವಿಗೆ ಯೋಚನೆ ಬೇಡ" ಅಂದರು. ಈ ಮಾತು ತುಂಬಾ ಅಪ್ಪ ಅಮ್ಮಂದಿರಿಗೆ ಸಿಗುತ್ತದೆ, ಆದರೆ ಪೂರ್ತಿ ನಿಜವಲ್ಲ.

ಅಪ್ಪ ಅಥವಾ ಅಮ್ಮನ ಕೆಲವೇ ಜೀವಕೋಶಗಳಲ್ಲಿ ಆ ಬದಲಾವಣೆ ಅಡಗಿರಬಹುದು. ಇದನ್ನು ಮೊಸಾಯಿಸಿಸಂ ಅನ್ನುತ್ತಾರೆ. ಎಷ್ಟೋ ಸಲ ಅವರೇ ತಮ್ಮ ತಾಯಿಯ ಹೊಟ್ಟೆಯಲ್ಲಿ ಬೆಳೆಯುತ್ತಿದ್ದಾಗ, ಒಂದು ಕೋಶ ಎರಡಾಗುವ ಹೊತ್ತಿನಲ್ಲಿ ಆದ ತಪ್ಪು ಅದು. ಹಾಗಾಗಿ ಬಸುರಿಯಾಗಿದ್ದಾಗ ಏನು ತಿಂದಳು, ಗ್ರಹಣ ನೋಡಿದಳಾ ಅಂತ ಸೊಸೆಯನ್ನು ಕೇಳುವವರು ದಯವಿಟ್ಟು ನಿಲ್ಲಿಸಿ. ಮೊಸಾಯಿಕ್ ಇರುವವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಕೆಲವರಿಗೆ ಚಿಕ್ಕಂದಿನಲ್ಲಿ ಜ್ವರ ಬಂದಾಗ ಫಿಟ್ಸ್ ಬಂದು ಹೋಗಿರುತ್ತದೆ, ಅಷ್ಟೇ. ಆದರೆ ವೀರ್ಯಾಣು ಅಥವಾ ಅಂಡಾಣುಗಳಲ್ಲಿ ಎಷ್ಟು ಪಾಲು ಈ ಬದಲಾವಣೆ ಹೊತ್ತಿವೆಯೋ, ಮುಂದಿನ ಮಗುವಿಗೆ ಅಷ್ಟೇ ಅಪಾಯ.

2018ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಬಂತು. ಮಗುವಿನಲ್ಲಿ ಹೊಸದಾಗಿ ಆದದ್ದು ಅಂತ ಹೇಳಿದ್ದ ಇಂಥ ತೀವ್ರ ಎಪಿಲೆಪ್ಸಿಯ ಕುಟುಂಬಗಳಲ್ಲಿ ಸುಮಾರು 8 ಶೇಕಡದಲ್ಲಿ ಅಪ್ಪ ಅಥವಾ ಅಮ್ಮ ಮೊಸಾಯಿಕ್ ಆಗಿದ್ದರು! ಮುಂದಿನ ಮಗುವಿಗೂ ಬರುವ ಅಪಾಯ ಅಂತ ಡಾಕ್ಟರುಗಳು ಸಾಮಾನ್ಯವಾಗಿ ಹೇಳುವ 1 ಶೇಕಡ ಬರೀ ಸರಾಸರಿ. ಹೆಚ್ಚಿನ ಜೋಡಿಗಳಿಗೆ ಅಪಾಯ ಅದಕ್ಕಿಂತ ಕಡಿಮೆ, ಕೆಲವರಿಗೆ ತುಂಬಾ ಜಾಸ್ತಿ, 50 ಶೇಕಡದ ಹತ್ತಿರವೂ ಹೋಗಬಹುದು. ನೀವು ಯಾವ ಗುಂಪಿನಲ್ಲಿದ್ದೀರಿ ಅನ್ನೋದೇ ಮುಖ್ಯ ಅಲ್ವಾ?

ಜೀನ್ ಓದುವ ಸಾಮಾನ್ಯ ಸ್ಯಾಂಗರ್ ಟೆಸ್ಟ್‌ನಲ್ಲಿ ಕಡಿಮೆ ಪ್ರಮಾಣದ ಮೊಸಾಯಿಸಿಸಂ ತಪ್ಪಿಸಿಕೊಳ್ಳುತ್ತದೆ. ಮಗುವಿನಲ್ಲಿ ಸಿಕ್ಕ ಅದೇ ಜಾಗವನ್ನು ಸಾವಿರಾರು ಸಲ ಓದುವ ಡೀಪ್ ಸೀಕ್ವೆನ್ಸಿಂಗ್ ಆಗುತ್ತದಾ ಅಂತ ಕೇಳಿ. ಅದರಲ್ಲೂ ಸಿಗದಿದ್ದರೆ? ಮೂಟೆಯಿಂದ ತೆಗೆದ ಒಂದು ಹಿಡಿ ಅಕ್ಕಿಯಲ್ಲಿ ಕಲ್ಲಿಲ್ಲ ಅಂದ ಮಾತ್ರಕ್ಕೆ ಮೂಟೆಯಲ್ಲೇ ಇಲ್ಲ ಅನ್ನಲಾಗದು. ರಕ್ತದಲ್ಲಿ ಇಲ್ಲದ್ದು ವೀರ್ಯದಲ್ಲಿ ಇರಬಹುದು. ವೀರ್ಯವನ್ನು ನೇರವಾಗಿ ಪರೀಕ್ಷಿಸಬಹುದು, ಅಂಡಾಣುಗಳನ್ನು ಹಾಗೆ ಮಾಡಲು ಆಗುವುದಿಲ್ಲ. ಅದಕ್ಕೇ ರಕ್ತ ಸರಿ ಇದ್ದರೂ ಬಸುರಿನಲ್ಲಿ ಟೆಸ್ಟ್ ಮಾಡಿಸುವ ದಾರಿ ಇಟ್ಟುಕೊಳ್ಳಬೇಕು. 11ರಿಂದ 13 ವಾರದೊಳಗೆ ಸಿವಿಎಸ್ (ಮಾಸುಚೀಲದ ಚೂರು ತೆಗೆದು ನೋಡುವುದು), 15 ವಾರದ ನಂತರ ಆಮ್ನಿಯೋ (ಮಗುವಿನ ಸುತ್ತಲಿನ ನೀರು ತೆಗೆದು ನೋಡುವುದು). ಐವಿಎಫ್ ಮಾಡಿಸುವವರು ಭ್ರೂಣವನ್ನೇ ಮೊದಲು ಪರೀಕ್ಷಿಸಬಹುದು. ನಮ್ಮ ದೇಶದಲ್ಲಿ ಲಿಂಗ ತಿಳಿಯುವ ಟೆಸ್ಟ್‌ಗೆ ನಿಷೇಧವಿದೆ, ಆನುವಂಶಿಕ ಕಾಯಿಲೆಯ ಟೆಸ್ಟ್‌ಗೆ ಇಲ್ಲ.

ಇದೆಲ್ಲಕ್ಕೂ ಮೊದಲ ಮಗುವಿನ ಜೀನ್ ರಿಪೋರ್ಟ್ ಬೇಕೇ ಬೇಕು. ಬಸುರಾಗುವ ಮುಂಚೆಯೇ ಅದನ್ನು ತೆಗೆದುಕೊಂಡು ಜೆನೆಟಿಕ್ಸ್ ಡಾಕ್ಟರ ಹತ್ತಿರ ಹೋಗಿ.