ಎಂಟು ಮನೆಯ ಅಕ್ಷರ

ಹೋದ ಡಿಸೆಂಬರ್‌ನಲ್ಲಿ ನಮ್ಮ ಗಣಿತದ ಮೇಷ್ಟ್ರು ತೀರಿಕೊಂಡರು. ಸುದ್ದಿ ಕೇಳಿದ ಕೂಡಲೇ ನನ್ನ ಕಿವಿಯಲ್ಲಿ ಆ ಹಳೇ ಸದ್ದು ಬಂತು. ಮೊದಲು ದಪ್ಪ ದನಿಯಲ್ಲಿ ಒಂದು ಗುಂಯ್, ಆಮೇಲೆ ಚುರುಕಾಗಿ ಒಂದು ಪೀಪ್. ನಮ್ಮ ಶಾಲೆಯ ಕಂಪ್ಯೂಟರ್, ಬಿಬಿಸಿ ಮೈಕ್ರೊ, ಸ್ವಿಚ್ ಹಾಕಿದರೆ ಹಾಗೇ ಕೂಗುತ್ತಿತ್ತು.

1984ರಲ್ಲಿ ಕೇಂದ್ರ ಸರ್ಕಾರ ಶಾಲೆಗಳಿಗೆ ಕಂಪ್ಯೂಟರ್ ಕೊಡುವ 'ಕ್ಲಾಸ್' ಯೋಜನೆ ಶುರು ಮಾಡಿತು. ಮೊದಲ ಕಂತಿನಲ್ಲಿ ದೇಶದ ಸುಮಾರು 250 ಶಾಲೆಗಳಿಗೆ ಬಂತು, ಅದರಲ್ಲಿ ನಮ್ಮದೂ ಒಂದು. ಆಗ ನಾನು ಎಂಟನೇ ಕ್ಲಾಸು. ಕೇಂಬ್ರಿಜ್‌ನ ಏಕಾರ್ನ್ ಕಂಪನಿ ಮಾಡಿದ ಯಂತ್ರ ಅದು. ಕೆನೆ ಬಣ್ಣದ ಒಂದೇ ಡಬ್ಬಿ, ಮೇಲೆ ಕೀಲಿಮಣೆ, ಒಳಗೆ ಇಡೀ ಕಂಪ್ಯೂಟರ್. ಮೇಲಿನ ಸಾಲಿನಲ್ಲಿ ಹತ್ತು ಕೆಂಪು ಕೀಲಿಗಳು. ಟಿವಿಗೆ ಒಂದು ವೈರು, ಪ್ರೋಗ್ರಾಮ್ ಉಳಿಸುವ ಟೇಪ್ ರೆಕಾರ್ಡರ್‌ಗೆ ಇನ್ನೊಂದು. ನೆನಪಿನ ಜಾಗ ಒಟ್ಟು 32 ಕೆಬಿ. ಈಗ ಫೋನಿನಲ್ಲಿ ತೆಗೆಯುವ ಒಂದು ಫೋಟೊ ಅದಕ್ಕಿಂತ ಎಷ್ಟೋ ಜಾಸ್ತಿ ಜಾಗ ತಿನ್ನುತ್ತದೆ.

ಮೇಷ್ಟ್ರು ರಜೆಯಲ್ಲಿ ತರಬೇತಿಗೆ ಹೋಗಿ ಬಂದಿದ್ದರು. ನಮಗಿಂತ ನಾಲ್ಕು ಪಾಠ ಮುಂದಿದ್ದರು, ಅಷ್ಟೇ. ಅದನ್ನು ಅವರೇ ಹೇಳುತ್ತಿದ್ದರು. "ಸಾರ್, ಹೀಗೆ ಬರೆದರೆ ಸರೀನಾ?" ಅಂತ ಕೇಳಿದರೆ ಹೌದು ಅನ್ನುತ್ತಿರಲಿಲ್ಲ, ಇಲ್ಲ ಅನ್ನುತ್ತಿರಲಿಲ್ಲ. "ಹಾಕಿ ನೋಡೋ" ಅನ್ನುತ್ತಿದ್ದರು.

ಆ ಯಂತ್ರಕ್ಕೆ ಕನ್ನಡ ಬರುತ್ತಿರಲಿಲ್ಲ. ಮೇಷ್ಟ್ರಿಗೆ ಅದು ಮನಸ್ಸಿಗೆ ಹತ್ತಿತು. ಒಂದು ಸಂಜೆ ಗ್ರಾಫ್ ಹಾಳೆ ತಂದು ಎಂಟಕ್ಕೆ ಎಂಟರ ಚೌಕ ಎಳೆದರು. ಎಡಗಡೆ ಮನೆಗೆ 128, ಪಕ್ಕದ್ದಕ್ಕೆ 64, ಆಮೇಲೆ 32, 16, 8, 4, 2, 1. ಅಕ್ಷರ ಎಲ್ಲಿ ಹಾಯುತ್ತದೋ ಆ ಮನೆಗಳನ್ನು ಪೆನ್ಸಿಲ್‌ನಲ್ಲಿ ತುಂಬು, ಸಾಲು ಸಾಲಾಗಿ ಕೂಡು. ಒಂದು ಅಕ್ಷರಕ್ಕೆ ಎಂಟು ಸಂಖ್ಯೆ. ವಿಡಿಯು 23, 224 ಅನ್ನುವ ಆದೇಶ ಹೊಡೆದು ಆ ಎಂಟನ್ನು ಕೊಟ್ಟರೆ ಅಕ್ಷರ ಸಿದ್ಧ. ಶುರುವಿನಲ್ಲಿ ಬರುವ ಪರದೆಯ ಬಗೆ, ಅಂದರೆ ಮೋಡ್ 7ರಲ್ಲಿ ಇದು ನಡೆಯದು, ಮೋಡ್ 4ಕ್ಕೆ ಹೋಗಬೇಕು. ಅಲ್ಲಿ ಪರದೆಗೇ 10 ಕೆಬಿ ಹೋಗುತ್ತಿತ್ತು.

ನನಗೆ ಬಂದ ಅಕ್ಷರ ಠ. ನಡುವಿನ ಚುಕ್ಕೆಯ ಸಾಲನ್ನು ಎಷ್ಟು ಸಲ ಅಳಿಸಿ ಬರೆದೆನೋ! ಅದು ಟಿವಿಯಲ್ಲಿ ಬೆಳ್ಳಗೆ ಮೂಡಿದಾಗ ನಾವೆಲ್ಲ ಬೆಂಚಿನ ಮೇಲೆ ಹತ್ತಿ ನಿಂತಿದ್ದೆವು. ಇಂಗ್ಲಿಷ್ ಮಾತ್ರ ಗೊತ್ತಿದ್ದ ಯಂತ್ರಕ್ಕೆ ಹದಿಮೂರು ವರ್ಷದ ಹುಡುಗರು ಕನ್ನಡ ಕಲಿಸಿದ್ದೆವು. ಆ ಹೆಮ್ಮೆ ನನಗೆ ಇಂದಿಗೂ ಇದೆ.

ವಾರ್ಷಿಕೋತ್ಸವಕ್ಕೆ ಪರದೆಯ ಮೇಲೆ 'ಸುಸ್ವಾಗತ' ತೋರಿಸಬೇಕು ಅಂತ ಮೇಷ್ಟ್ರು ಎರಡು ವಾರ ಕೂತು ಪ್ರೋಗ್ರಾಮ್ ಬರೆದರು. ಒತ್ತಕ್ಷರಕ್ಕೆ ಎಂಟು ಮನೆ ಸಾಲಲಿಲ್ಲ. ವ ಒತ್ತನ್ನು ಬೇರೆ ಅಕ್ಷರವಾಗಿ ಮಾಡಿ ಕೆಳಗಿನ ಸಾಲಿನಲ್ಲಿ ಕೂರಿಸಿದರು. ಎಲ್ಲ ಕ್ಯಾಸೆಟ್‌ಗೆ ಹೋಯಿತು. ಯಾರೂ ಅಳಿಸದಿರಲಿ ಅಂತ ಕ್ಯಾಸೆಟ್ ಬೆನ್ನಿನ ಪ್ಲಾಸ್ಟಿಕ್ ಚೂರನ್ನೂ ಮುರಿದಿದ್ದರು.

ನಾನು ಮತ್ತು ನನ್ನ ಗೆಳೆಯ ಆ ತೂತಿಗೆ ಕಾಗದ ತುರುಕಿ ರೇಡಿಯೊದಿಂದ ಒಂದು ಸಿನಿಮಾ ಹಾಡು ತುಂಬಿಸಿಕೊಂಡೆವು! ಖಾಲಿ ಕ್ಯಾಸೆಟ್ ಕೊಳ್ಳಲು ಕಾಸಿರಲಿಲ್ಲ. ಅದರ ಮೇಲೆ ಏನಿದೆ ಅಂತ ನೋಡಲೂ ಇಲ್ಲ.

ವಾರ್ಷಿಕೋತ್ಸವದ ಹಿಂದಿನ ದಿನ ಸಂಜೆ ಮೇಷ್ಟ್ರು ಪ್ಲೇ ಒತ್ತಿದರು. ಪರದೆಯಲ್ಲಿ 'ಸರ್ಚಿಂಗ್' ಅಂತ ಬಂತು. ಅಲ್ಲೇ ನಿಂತಿತು. ಐದು ನಿಮಿಷ, ಹತ್ತು ನಿಮಿಷ. ಕೊನೆಗೆ ಟೇಪ್ ರೆಕಾರ್ಡರ್‌ನ ವೈರು ಕಿತ್ತರು. ರೂಮಿನ ತುಂಬ ಹಾಡು. ಅವರು ನಮ್ಮಿಬ್ಬರ ಮುಖ ನೋಡಿದರು, ಅಷ್ಟು ಸಾಕಾಯಿತು. ಹೊಡೆಯಲಿಲ್ಲ, ಬೈಯಲಿಲ್ಲ. ಗ್ರಾಫ್ ಹಾಳೆಗಳ ಕಟ್ಟು ತಂದು ಮುಂದಿಟ್ಟರು. "ಒಬ್ಬ ಓದು, ಒಬ್ಬ ಹೊಡಿ." ರಾತ್ರಿ ಹತ್ತೂವರೆವರೆಗೆ ಕೂತೆವು. ಮೇಷ್ಟ್ರ ಮನೆಯಿಂದ ಅಮ್ಮ ಒಗ್ಗರಣೆ ಅವಲಕ್ಕಿ ಕಳಿಸಿದರು. ಆ ಒಂದು ರಾತ್ರಿ ನಾನು ಕಲಿತಷ್ಟು ಪ್ರೋಗ್ರಾಮಿಂಗ್ ಮುಂದೆ ಎಂಜಿನಿಯರಿಂಗ್ ಕಾಲೇಜಿನ ಒಂದು ಇಡೀ ವರ್ಷದಲ್ಲಿ ಕಲಿಯಲಿಲ್ಲ. ಮಾರನೇ ದಿನ ಸುಸ್ವಾಗತ ಮೂಡಿದಾಗ ಚಪ್ಪಾಳೆ ನಿಲ್ಲಲೇ ಇಲ್ಲ.

ಎಂಟನೇ ಕ್ಲಾಸಿನ ಉಳಿದ ಪಾಠ ಏನಿತ್ತೋ, ಒಂದೂ ನೆನಪಿಲ್ಲ. ಮುಂದೆ ಬೆಂಗಳೂರಿನಲ್ಲಿ ಇಪ್ಪತ್ತೆಂಟು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿದೆ, ದೊಡ್ಡ ತಂಡಗಳನ್ನು ನಡೆಸಿದೆ. ಬೇರು ಮಾತ್ರ ಆ ಗ್ರಾಫ್ ಹಾಳೆಯಲ್ಲೇ ಇದೆ.

ನನ್ನ ಮಗಳ ಶಾಲೆಯ ಲ್ಯಾಬಿನಲ್ಲಿ ಮೂವತ್ತು ಕಂಪ್ಯೂಟರ್ ಇದ್ದವು. ಮಕ್ಕಳು ಸ್ಲೈಡ್ ಮಾಡುತ್ತಿದ್ದರು, ಪರೀಕ್ಷೆಗೆ ಭಾಗಗಳ ಹೆಸರು ಬಾಯಿಪಾಠ ಮಾಡುತ್ತಿದ್ದರು. ಪರದೆಯ ಮೇಲಿನ ಒಂದು ಅಕ್ಷರ ಎಲ್ಲಿಂದ ಬಂತು ಅಂತ ಯಾರೂ ಕೇಳುತ್ತಿರಲಿಲ್ಲ, ಯಾರೂ ಹೇಳುತ್ತಲೂ ಇರಲಿಲ್ಲ. ನನಗೆ ಬೇಜಾರಾಗುವುದು ಇದಕ್ಕೇ. ಆ ಮಕ್ಕಳ ಕೈಗೂ ಒಂದು ಪೆನ್ಸಿಲ್ ಕೊಡಬಹುದಿತ್ತು, ಅಲ್ವಾ?

ವೈಕುಂಠ ಸಮಾರಾಧನೆಯ ದಿನ ಮೇಷ್ಟ್ರ ಮಗ ಹಳೇ ರಟ್ಟಿನ ಪೆಟ್ಟಿಗೆ ತಂದರು. ಗ್ರಾಫ್ ಹಾಳೆಗಳೆಲ್ಲ ಅದರಲ್ಲಿದ್ದವು. ನನ್ನ ಠ ಕೂಡ ಸಿಕ್ಕಿತು, ನನ್ನ ಮೊದಲ ಹಾಳೆ. ಚುಕ್ಕೆಯ ಸಾಲಿನಲ್ಲಿ 64, 16, 8, 2. ಕೂಡಿದರೆ 90. ನಾನು 8 ಬಿಟ್ಟು 82 ಅಂತ ಬರೆದಿದ್ದೆ. ಮೇಷ್ಟ್ರು ಅದನ್ನು ಹೊಡೆದುಹಾಕಿರಲಿಲ್ಲ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಎರಡೇ ಮಾತು ಇತ್ತು: ಹಾಕಿ ನೋಡು.